ಹುಲಿಗೆವ್ವನ ಹೃದಯಕ್ಕೆ ಒಂಬತ್ತು ಅಂಕ

ಮಂಗಳವಾರ ಮುಂಜಾನೆ ಹತ್ತೂವರೆಗೆ 'ಸಮತೋಲ' ಎಂಬ ಯಂತ್ರವು ಹುಲಿಗೆವ್ವ ಬಾರಕೇರ ಎಂಬ ನಲವತ್ತನಾಲ್ಕು ವರ್ಷದ ಹೆಂಗಸಿನ ಹೃದಯಕ್ಕೆ ನೂರಕ್ಕೆ ಒಂಬತ್ತು ಅಂಕ ಕೊಟ್ಟಿತು. ಹತ್ತು ಐವತ್ತಕ್ಕೆ, ಅದೇ ವಯಸ್ಸಿನ, ಅದೇ ಎಡಮೊಲೆಯಿಂದ ಅಷ್ಟೇ ಗಾತ್ರದ ಗಡ್ಡೆ ತೆಗೆಸಿಕೊಂಡಿದ್ದ ಒಬ್ಬ ಅಧಿಕಾರಿಯ ಹೆಂಡತಿಯ ಹೃದಯಕ್ಕೆ ತೊಂಬತ್ತನಾಲ್ಕು ಕೊಟ್ಟಿತು. ಎರಡೂ ಹಾಳೆಗಳ ಮೇಲೆ ಒಂದೇ ಮುದ್ರೆ ಬಿತ್ತು.

ಗಡ್ಡೆ ಕತ್ತರಿಸಿದ ಮೇಲೆ, ಕಣ್ಣಿಗೆ ಕಾಣದೆ ಉಳಿದಿರಬಹುದಾದ ರೋಗದ ಕೋಶಗಳನ್ನು ಕೊಲ್ಲಲು ಕಿರಣ ಹಾಯಿಸುತ್ತಾರೆ. ಎಡಮೊಲೆಯ ಹಿಂದೆ, ಪಕ್ಕೆಲುಬಿನ ಆಚೆಗೇ ಹೃದಯವಿದೆ. ಕಿರಣಕ್ಕೆ ರೋಗ ಯಾವುದು, ಹೃದಯ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಯಾವ ಕೋನದಿಂದ ಎಷ್ಟು ಹಾಯಿಸಬೇಕು, ಎಲ್ಲಿ ತಡೆಯಬೇಕು ಎಂದು ಮೊದಲೇ ಪರದೆಯ ಮೇಲೆ ಬರೆದು ನೋಡುತ್ತಾರೆ. ಬರೆಯುವಾಗ ಎಡವಿದರೆ ಹೃದಯ ಆ ದಿನ ಏನೂ ಹೇಳುವುದಿಲ್ಲ. ಹತ್ತು ವರ್ಷಕ್ಕೋ ಹದಿನೈದಕ್ಕೋ, ನಾಳ ಕಟ್ಟಿಕೊಂಡಾಗ ಹೇಳುತ್ತದೆ.

ಹೃದಯವನ್ನು ತಪ್ಪಿಸುವ ಉಪಾಯ ಹಳೆಯದು. ರೋಗಿ ಎದೆ ತುಂಬ ಉಸಿರೆಳೆದು ಹಿಡಿದುಕೊಂಡರೆ ಪುಪ್ಪುಸ ಉಬ್ಬಿ ಹೃದಯವನ್ನು ಹಿಂದಕ್ಕೂ ಕೆಳಕ್ಕೂ ತಳ್ಳುತ್ತದೆ. ಇಪ್ಪತ್ತು ಸೆಕೆಂಡು ಹಿಡಿದರೆ ಸಾಕು. ಆ ಇಪ್ಪತ್ತು ಸೆಕೆಂಡು ಕಿರಣ ಹಾಯಿಸಿ ನಿಲ್ಲಿಸುತ್ತಾರೆ, ಮತ್ತೆ ಹಿಡಿಸಿ ಮತ್ತೆ ಹಾಯಿಸುತ್ತಾರೆ. ಇದಕ್ಕೆ ಒಬ್ಬರಿಗೆ ಇಪ್ಪತ್ತೈದು ನಿಮಿಷ ಬೇಕು. ಸುಮ್ಮನೆ ಮಲಗಿಸಿ ಹಾಯಿಸಿದರೆ ಹತ್ತೇ ನಿಮಿಷ.

ಈ ನಿಮಿಷಗಳನ್ನು ಹಂಚಿ, ಕಿರಣದ ಪ್ಲಾನು ಬರೆಯುವ ಕೆಲಸವನ್ನು ಸಮತೋಲಕ್ಕೆ ವಹಿಸಿ ಎರಡು ವರ್ಷವಾಗಿತ್ತು. ಯಾರ ಯಾವ ಅಂಗವನ್ನು ಎಷ್ಟು ಕಾಯಬೇಕೆಂದು ಅದು ನೂರರೊಳಗೆ ಅಂಕ ಹಾಕುತ್ತಿತ್ತು. ಅಂಕ ಹಾಕಲು ಅದು ನೋಡುತ್ತಿದ್ದುದು 'ಬಾಳ್ವೆ ಪಟ್ಟಿ'ಯನ್ನು: ಯಾವ ಊರಿನ, ಯಾವ ಕಸುಬಿನ ಜನ ಸಾಮಾನ್ಯವಾಗಿ ಎಷ್ಟನೇ ವಯಸ್ಸಿಗೆ ಸತ್ತಿದ್ದಾರೆ ಎಂಬ ಲೆಕ್ಕ. ಹದಿನೈದು ವರ್ಷದ ಮೇಲೆ ಕೆಡುವ ಹೃದಯವನ್ನು ಕಾಯಬೇಕಾದದ್ದು ಹದಿನೈದು ವರ್ಷ ಬದುಕುವವರಿಗೆ ತಾನೇ? ಅಷ್ಟು ಸರಳ. ಈ ಸರಳತೆಗೆ ರಾಜಧಾನಿಯಲ್ಲಿ ಶಾಲು ಹೊದಿಸಿ ಪ್ರಶಸ್ತಿ ಕೊಟ್ಟಿದ್ದರು.

ವಿನೋದಾ ಚಲವಾದಿ ಆ ಜಿಲ್ಲೆಯ ಕಿರಣ ಚಿಕಿತ್ಸಾ ಕೇಂದ್ರದ ಫಿಸಿಸಿಸ್ಟ್. ಸಮತೋಲ ಬರೆದ ಪ್ಲಾನನ್ನು ನೋಡಿ, ಸರಿಯಿದೆ ಎಂದು ಗಾಜಿನ ಮೇಲೆ ಹೆಬ್ಬೆರಳು ಒತ್ತುವುದು ಅವಳ ಕೆಲಸ. ಹುಲಿಗೆವ್ವನ ಪ್ಲಾನಿನಲ್ಲಿ ಕೆಂಪು ಪಟ್ಟೆಯೊಂದು ಹೃದಯದ ಮುಂಭಾಗವನ್ನು ಸೀಳಿಕೊಂಡು ಹೋಗಿತ್ತು. ಹೃದಯಕ್ಕೆ ಬೀಳುವ ಕಿರಣದ ಪ್ರಮಾಣ ಸರಾಸರಿ ಎಂಟೂವರೆ ಗ್ರೇ. ಇಂಥ ಕಡೆ ನಾಲ್ಕು ದಾಟಬಾರದೆಂದು ಅವಳು ಕಲಿತಿದ್ದಳು. ಒಂಬತ್ತು ಅಂಕಕ್ಕೆ ಕಾರಣ ಕೇಳಿದಾಗ ಪರದೆ ಎರಡು ಸಾಲು ತೋರಿಸಿತು.

ಕಸುಬು: ಮೆಣಸಿನಕಾಯಿ ಅಂಗಳದ ಕೂಲಿ. ನಿರೀಕ್ಷಿತ ಬಾಳ್ವೆ 57.

ಉಸಿರು ಪರೀಕ್ಷೆ: ಅನುತ್ತೀರ್ಣ.

ಅದೇ ಕಸುಬಿನವರನ್ನೆಲ್ಲ ಹುಡುಕಿ ತೆಗೆದಳು. ಎರಡು ವರ್ಷಕ್ಕೆ ಮೂವತ್ತೊಂದು ಹೆಂಗಸರು. ಎಲ್ಲರದೂ ಅನುತ್ತೀರ್ಣ. ಅವರಲ್ಲಿ ಹಲವರ ಪ್ಲಾನಿನ ಕೆಳಗೆ ಅವಳದೇ ಹೆಬ್ಬೆರಳಿನ ಗುರುತಿತ್ತು. ಅವಳು ಆ ಗುರುತುಗಳನ್ನು ಒಂದೊಂದಾಗಿ ನೋಡಿದಳು.

"ಸರ್, ಮೂವತ್ತೊಂದಕ್ಕ ಮೂವತ್ತೊಂದೂ ಫೇಲ್. ಒಬ್ಬಾಕಿನೂ ಪಾಸಿಲ್ಲ," ಎಂದಳು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪಟ್ಟಣಶೆಟ್ಟಿಯವರಿಗೆ.

ಅವರು ಮಧ್ಯಾಹ್ನದ ಊಟದ ಡಬ್ಬಿಯನ್ನು ಸಂಜೆ ನಾಲ್ಕಕ್ಕೆ ಬಿಚ್ಚುವ ಮನುಷ್ಯ. ತಲೆಯೆತ್ತದೆ ಹೇಳಿದರು: "ಮೂವತ್ತ ವರ್ಷ ಘಾಟಿನಾಗ ಕುಂತ ಪುಪ್ಪುಸ ಹೆಂಗಿರತೈತ್ರಿ? ಒಣಾ ಕೊಬ್ರಿ ಬಟ್ಟಲ ಇದ್ಹಂಗ."

"ಕೆಟ್ಟಿದ್ರ ಕೆಲವರದು ಕೆಟ್ಟಿರಬೇಕು ಸರ್. ಎಲ್ಲಾರದೂ ಒಂದ ನಮೂನಿ ಹೆಂಗ ಕೆಡತೈತಿ? ಈಕಿ ಸ್ಕ್ಯಾನ್ ನೋಡ್ರಿ, ಪುಪ್ಪುಸ ಚಲೋ ಐತಿ."

"ಹೊರಗ ನೂರಾಹತ್ತು ಮಂದಿ ಸರದಿ ಕಾಯಾಕತ್ತಾರ ವಿನೋದಾ. ಮುಂದಿನ ಬುಧವಾರ ಈಕೀದು ಶುರುವಾಗಬೇಕು. ಒತ್ರಿ."

ಅವಳು ಒತ್ತಲಿಲ್ಲ. ಹುಲಿಗೆವ್ವನ ಉಸಿರಿನ ನಕ್ಷೆಯನ್ನು ಇನ್ನೊಮ್ಮೆ ತೆರೆದಳು. ಉಸಿರು ಹಿಡಿಯಲಾಗದವರ ಗೆರೆ ಏರುತ್ತದೆ, ನಡುಗುತ್ತದೆ, ಕುಸಿಯುತ್ತದೆ. ಇವಳ ಗೆರೆ ಏರಿಯೇ ಇರಲಿಲ್ಲ. ಸೊನ್ನೆಯ ಹತ್ತಿರ, ಸ್ಕೇಲು ಇಟ್ಟು ಎಳೆದ ಹಾಗೆ, ಐವತ್ತೆಂಟು ಸೆಕೆಂಡು ಅಲುಗದೆ ಮಲಗಿತ್ತು.

ಭಾನುವಾರ ವಿನೋದಾ ಬಸ್ಸು ಹತ್ತಿ ಮೆಣಸಿನಕಾಯಿಗೆ ಹೆಸರಾದ ಆ ಊರಿಗೆ ಹೋದಳು. ಹುಲಿಗೆವ್ವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಬಾಗಿಲಲ್ಲೇ ಅವಳ ಅತ್ತೆ ಫಕೀರವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಒಳಗೆ ಹುಲಿಗೆವ್ವ ಬಲಗೈ ಒಂದರಲ್ಲೇ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಮೇಡಂ, ಕುಂದರ್ರಿ. ಒಂದ ಕೈಲೆ ಬಡಿಯಾಕ ಹೋಗಿ ರೊಟ್ಟಿ ನಕಾಶಿ ಆಗಾಕತ್ತೈತಿ. ಇರಲಿ ಬಿಡ್ರಿ, ಹೊಟ್ಟಿಗೆ ಹೋದ ಮ್ಯಾಲೆ ಎಲ್ಲಾ ದುಂಡಗ."

ರೋಗಿಗೆ ಅಂಕ ಹೇಳಬಾರದೆಂಬ ನಿಯಮವಿತ್ತು. ವಿನೋದಾ ಎರಡು ರೊಟ್ಟಿ ತಿಂದು ಮುಗಿಯುವವರೆಗೆ ಆ ನಿಯಮವನ್ನು ಪಾಲಿಸಿದಳು. ಆಮೇಲೆ ಹೇಳಿದಳು. ಒಂಬತ್ತು ಅಂಕವನ್ನೂ ಹೇಳಿದಳು, ಐವತ್ತೇಳು ವರ್ಷವನ್ನೂ ಹೇಳಿದಳು.

ಹುಲಿಗೆವ್ವ ಹಂಚಿನ ಮೇಲಿದ್ದ ರೊಟ್ಟಿ ತಿರುವಿದಳು. "ಐವತ್ತೇಳು. ಅಂದ್ರ ಇನ್ನ ಹದಿಮೂರು. ಸಣ್ಣ ಮಗಳು ಈಗ ಆರನೇತ್ತ ಓದಾಕತ್ತಾಳ." ಸ್ವಲ್ಪ ತಡೆದು ಕೇಳಿದಳು: "ಆ ಮಷೀನಿಗೆ ಯಾರ್ ಹೇಳಿದ್ರಿ ಇದನ್ನ?"

"ಸತ್ತೋರ ದಾಖಲೆ ಅಕ್ಕಾ. ಅಂಗಳದಾಗ ದುಡದೋರು ಎಷ್ಟಕ್ಕ ಸತ್ತಾರ ಅಂತ."

ಬಾಗಿಲಿನಿಂದ ಫಕೀರವ್ವನ ದನಿ ಬಂತು. "ಅದರಾಗ ನನ್ನ ಹೆಸರ ಐತೇನು? ಎಂಬತ್ತೆರಡು ನನಗ. ನಲವತ್ತ ವರ್ಷ ಅದ ಅಂಗಳದಾಗ ಕುಂಡಿ ಸವಿಸೀನಿ."

"ಇಲ್ಲಜ್ಜಿ. ನೀವಿನ್ನೂ ಸತ್ತಿಲ್ಲಲ್ಲ."

"ಅಯ್ಯ ನಿನ್ನ! ಲೆಕ್ಕಕ್ಕ ಹಿಡೀಬೇಕಂದ್ರ ಸಾಯಬೇಕೇನು? ಭಾರಿ ಶಾಣ್ಯಾ ಐತಿ ಬಿಡು ನಿಮ್ಮ ಮಷೀನು. ನನ್ನ ಕೂಡ ಅಂಗಳದಾಗ ದುಡದ ನಮ್ಮ ವಾರಗಿತ್ತಿ ಸತ್ತಾಳಲ್ಲ, ತೊಂಬತ್ತಕ್ಕ? ಆಕಿನ್ನ ಹಿಡದೈತೇನು?"

ವಿನೋದಾ ಫೋನಿನಲ್ಲಿ ಬಾಳ್ವೆ ಪಟ್ಟಿಯ ದಾಖಲೆ ತೆರೆದು ಹುಡುಕಿದಳು. ಆ ಮುದುಕಿಯ ಮರಣ ಪತ್ರ ಸಿಕ್ಕಿತು. ಕಸುಬು ಎಂಬಲ್ಲಿ 'ಮನೆಗೆಲಸ' ಎಂದು ಬರೆದಿತ್ತು. ಕೈಲಾಗದೆ ಕೂಲಿ ಬಿಟ್ಟು, ಹತ್ತಿಪ್ಪತ್ತು ವರ್ಷ ಮನೆಯಲ್ಲಿದ್ದು ಸತ್ತವರೆಲ್ಲ ಮನೆಗೆಲಸದವರ ಲೆಕ್ಕಕ್ಕೆ ಹೋಗಿದ್ದರು. ಅಂಗಳದ ಲೆಕ್ಕದಲ್ಲಿ ಉಳಿದವರು ದುಡಿಯುತ್ತಿರುವಾಗಲೇ ಸತ್ತವರು. ಅಂದರೆ ಬೇಗ ಸತ್ತವರು ಮಾತ್ರ. ಐವತ್ತೇಳು ಎಂಬ ಸಂಖ್ಯೆ ಬಂದದ್ದು ಹೀಗೆ. ಇದನ್ನು ಕಂಡುಹಿಡಿಯಲು ವಿಜ್ಞಾನಿ ಬೇಕಾಗಿರಲಿಲ್ಲ, ಬಾಗಿಲಲ್ಲಿ ಶೇಂಗಾ ಸುಲಿಯುವ ಒಬ್ಬ ಮುದುಕಿಯನ್ನು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಿರಲಿಲ್ಲ.

ಅಲ್ಲಿಂದ ಹುಲಿಗೆವ್ವ ಅವಳನ್ನು ಅಂಗಳಕ್ಕೆ ಕರೆದೊಯ್ದಳು. ಪೇಟೆಗೆ ಭಾನುವಾರ ರಜೆ, ಅಂಗಳಕ್ಕೆ ರಜೆಯಿಲ್ಲ. ಕೆಂಪು ರಾಶಿಗಳ ನಡುವೆ ನಲವತ್ತು ಐವತ್ತು ಹೆಂಗಸರು ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಗೇಟು ದಾಟಿದ ಕೂಡಲೇ ವಿನೋದಾಳಿಗೆ ಕೆಮ್ಮು ಹತ್ತಿತು, ಕಣ್ಣು ಮೂಗು ಒಂದಾದವು. ಹೆಂಗಸರು ಬಿದ್ದು ಬಿದ್ದು ನಕ್ಕರು.

"ಯಾರಬೇ ಈಕಿ, ಬಂದ ಕೂಡ್ಲೇ ಅಳಾಕತ್ತಾಳ? ನಿನ್ನ ಬೀಗತಿ ಏನು?" ಎಂದಳು ಜೈತುನ್‌ಬಿ. ಅವಳು ಇಪ್ಪತ್ತು ವರ್ಷ ಹುಲಿಗೆವ್ವನ ಪಕ್ಕದಲ್ಲೇ ಕೂತು ದುಡಿದವಳು.

"ದವಾಖಾನಿ ಮೇಡಂ ಬೇ. ನಮಗ ಉಸುರ ಹಿಡಿಯಾಕ ಬರೂದಿಲ್ಲಂತ. ನೋಡಾಕ ಬಂದಾರ."

"ನಮಗ? ಉಸುರ?" ಜೈತುನ್‌ಬಿ ಮೊರ ಕೆಳಗಿಟ್ಟಳು. "ಏಳ್ರಬೇ ಎಲ್ಲಾರೂ. ರಾಶಿ ತಿರುವೂದೈತಿ. ಮೇಡಮ್ಮಾರಿಗೆ ತೋರಸೂಣು."

ಒಣಗಿದ ರಾಶಿಯನ್ನು ಬುಡಮೇಲು ಮಾಡುವಾಗ ಏಳುವ ದೂಳು ಕೆಂಡದ ಹಾಗೆ. ಹರಟೆ ಒಮ್ಮೆಲೇ ನಿಂತಿತು. ಅಷ್ಟೂ ಹೆಂಗಸರು ಸೆರಗನ್ನು ಹಲ್ಲಲ್ಲಿ ಕಚ್ಚಿ, ಇದ್ದ ಉಸಿರನ್ನು ಹೊರಗೆ ಬಿಟ್ಟು, ಬಾಯಿ ಮೂಗು ಬಿಗಿದು ಬಗ್ಗಿದರು. ವಿನೋದಾ ಗೇಟಿನ ಆಚೆ ನಿಂತು ಗಡಿಯಾರ ನೋಡಿದಳು. ಮೂವತ್ತು ಸೆಕೆಂಡು. ನಲವತ್ತು. ಐವತ್ತು. ಒಬ್ಬರ ಎದೆಯೂ ಅಲುಗಲಿಲ್ಲ. ಒಂದು ನಿಮಿಷ ದಾಟಿದ ಮೇಲೆ ಎಲ್ಲರೂ ಗೇಟಿನ ಹೊರಗೆ ಓಡಿ ಬಂದರು.

"ಮೊದಲ ಎದಿ ತುಂಬ ಉಸುರ ತಗೊಂಡು ಆಮ್ಯಾಲೆ ಯಾಕ ಹಿಡಿಯೂದಿಲ್ಲ ನೀವು?" ವಿನೋದಾ ಕೇಳಿದಳು.

ಜೈತುನ್‌ಬಿ ಅವಳನ್ನು ಎಳೆಯ ಕೂಸನ್ನು ನೋಡುವ ಹಾಗೆ ನೋಡಿದಳು. "ತಗೊಂಡ್ರ ಘಾಟು ಒಳಗ ಹೋಗತೈತಲ್ಲ ನನ್ನವ್ವ. ಯಾರ್ ತಗೋತಾರ?"

ಕೇಂದ್ರದ ಪರೀಕ್ಷಾ ಕೋಣೆಯಲ್ಲಿ ಮೂವತ್ತೊಂದು ಹೆಂಗಸರಿಗೆ 'ಉಸಿರು ತೆಗೆದುಕೊಂಡು ಹಿಡಿಯಿರಿ' ಎಂದಿದ್ದರು. ಅವರ ಮೈಗೆ 'ಹಿಡಿಯಿರಿ' ಎಂದರೆ ಒಂದೇ ಅರ್ಥ: ಖಾಲಿ ಮಾಡಿ ಬಿಗಿ. ಅವರು ಯಾರಿಗೂ ಸಾಧ್ಯವಾಗದಷ್ಟು ಹೊತ್ತು ಹಿಡಿದಿದ್ದರು. ಎದೆ ಏರದ್ದನ್ನು ಕಂಡ ಯಂತ್ರ ಅವರನ್ನು ಕೈಲಾಗದವರೆಂದು ಬರೆಯಿತು. ಬಲ್ಲವರೆಲ್ಲ ಅದನ್ನು ನಂಬಿದರು. ಕೂಲಿ ಹೆಂಗಸಿಗೆ ಏನೋ ಬರುವುದಿಲ್ಲ ಎಂದರೆ ನಂಬಲು ಎಷ್ಟು ಸುಲಭ!

ಸೋಮವಾರ ಹುಲಿಗೆವ್ವ ಮತ್ತೆ ಸ್ಕ್ಯಾನಿನ ಹಲಗೆಯ ಮೇಲೆ ಮಲಗಿದಳು. ವಿನೋದಾ ಅವಳ ತಲೆಯ ಹತ್ತಿರ ನಿಂತಳು.

"ಅಕ್ಕಾ, ರಾಶಿ ತಿರುವಿ ಆಗೈತಿ. ಗೇಟ್ ದಾಟಿ ಹೊರಗ ಬಂದೀರಿ. ಆಗ ಮೊದಲ್ನೇದ್ದು ಒಂದ ಉಸುರ ತಗೋತೀರಲ್ಲ, ಅದನ್ನ ತಗೋರಿ. ತಗೊಂಡು ಬಿಡಬ್ಯಾಡ್ರಿ."

ಹುಲಿಗೆವ್ವ ಎಳೆದಳು. ಪರದೆಯ ಗೆರೆ ಗುಡ್ಡ ಹತ್ತಿ ಮೇಲೆ ನಿಂತಿತು. ನಲವತ್ತೊಂದು ಸೆಕೆಂಡು ಅಲ್ಲಿಂದ ಇಳಿಯಲಿಲ್ಲ. ಹೊಸ ಚಿತ್ರದಲ್ಲಿ ಪಕ್ಕೆಲುಬಿಗೂ ಹೃದಯಕ್ಕೂ ನಡುವೆ ಕಪ್ಪಗೆ ಗಾಳಿ ತುಂಬಿದ ಜಾಗ ಕಂಡಿತು. ಕೆಂಪು ಪಟ್ಟೆ ಹೃದಯವನ್ನು ಮುಟ್ಟದೆ ಹಾದುಹೋಯಿತು. ಎಂಟೂವರೆ ಇದ್ದದ್ದು ಎರಡಕ್ಕಿಂತ ಕೆಳಗಿಳಿಯಿತು.

"ಎಷ್ಟ ಬಂತ್ರಿ ಅಂಕ?" ಹುಲಿಗೆವ್ವ ಮಲಗಿದ್ದಲ್ಲಿಂದಲೇ ಕೇಳಿದಳು.

ವಿನೋದಾ ಹೊಸ ಫಲಿತಾಂಶವನ್ನು ಸಮತೋಲಕ್ಕೆ ಕೊಟ್ಟಳು. ಅದು ಒಂದೇ ಕ್ಷಣದಲ್ಲಿ ಉತ್ತರಿಸಿತು.

ಉಸಿರು ಪರೀಕ್ಷೆ: ಉತ್ತೀರ್ಣ. ನಿರೀಕ್ಷಿತ ಬಾಳ್ವೆ 57. ಅಂಕ 14. ಇಪ್ಪತ್ತೈದು ನಿಮಿಷದ ಸರದಿ ಮಂಜೂರಿಲ್ಲ.

ಆ ಹಾಳೆಯನ್ನು ಅವಳು ಪಟ್ಟಣಶೆಟ್ಟಿಯವರ ಊಟದ ಡಬ್ಬಿಯ ಮೇಲೆಯೇ ಇಟ್ಟಳು. "ಸರ್, ಈ ಐವತ್ತೇಳು ಸುಳ್ಳು. ಮುದುಕಿಯರನ್ನ ಬಿಟ್ಟು ಲೆಕ್ಕ ಹಾಕ್ಯಾರ."

ಅವರು ಪೂರ್ತಿ ಕೇಳಿದರು. ಎರಡೆರಡು ಸಲ ಪ್ರಶ್ನೆ ಕೇಳಿ ತಿಳಿದುಕೊಂಡರು. ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೀವು ಹೇಳೂದು ಖರೆ ಇರಬಹುದು. ರಾಜಧಾನಿಗೆ ಬರೀರಿ, ನಾನೂ ಸಹಿ ಹಾಕ್ತೀನಿ. ಪಟ್ಟಿ ತಿದ್ದಾಕ ಒಂದ ವರ್ಷ ಬೇಕು. ಅಲ್ಲೀತನಕ ನಾ ಕೈ ಹಾಕಿದ್ರ ನಮ್ಮ ಕೇಂದ್ರಕ್ಕ ಕೊಟ್ಟ ನಿಮಿಷನ ಕಡಿಮಿ ಮಾಡ್ತಾರ. ಈಕೀಗೆ ಕೊಟ್ಟ ಹದಿನೈದು ನಿಮಿಷ ಯಾರದರೇ ಹೊಟ್ಟಿ ಹೊಡದು ತರಬೇಕಲ್ರಿ."

"ಐವತ್ತೇಳಕ್ಕ ಸಾಯ್ತಾಳಂತ ಇವತ್ತು ಆಕಿ ಹೃದಯ ಸುಟ್ರ, ಆಕಿ ಐವತ್ತೇಳಕ್ಕ ಸಾಯ್ತಾಳ ಸರ್. ಆಮ್ಯಾಲೆ ಆ ಸಾವು ಪಟ್ಟಿಗೆ ಸೇರತೈತಿ. ಮುಂದಿನಾಕಿಗೂ ಅದ ಐವತ್ತೇಳು ಬರತೈತಿ. ಇದಕ್ಕ ನಾವು ಚಿಕಿತ್ಸೆ ಅನ್ನೂದೇನು?"

ಪಟ್ಟಣಶೆಟ್ಟಿಯವರು ಡಬ್ಬಿ ಸರಿಸಿ ಮೇಜಿನ ಪರದೆಯಲ್ಲಿ ಪ್ಲಾನು ತೆರೆದರು. "ನಿಮ್ಮ ಹೆಬ್ಬೆರಳು ಬ್ಯಾಡ," ಎಂದರು. "ನನ್ನದ ಸಾಕು." ಗಾಜಿನ ಮೇಲೆ ಒತ್ತಿದರು. ಹಳೆಯ ಪ್ಲಾನು, ಕೆಂಪು ಪಟ್ಟೆಯದು, ಮಂಜೂರಾಯಿತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಲಿಗೆವ್ವನಿಗೆ ವಿನೋದಾ ಏನನ್ನೂ ಮುಚ್ಚಿಡಲಿಲ್ಲ. ಹುಲಿಗೆವ್ವ ಪೂರ್ತಿ ಕೇಳಿ, ಎರಡೇ ಪ್ರಶ್ನೆ ಕೇಳಿದಳು.

"ಕಿರಣ ಬ್ಯಾಡಂದ್ರ?"

"ಗಡ್ಡಿ ತಿರುಗಿ ಬರಬಹುದಕ್ಕಾ. ಬ್ಯಾಡ ಮಾತ್ರ ಅನಬ್ಯಾಡ್ರಿ."

"ಬೇಕಂದ್ರ ಎದಿ ಸುಡತೈತಿ. ಹೌದಿಲ್ಲೋ?"

"ಹೌದು."

"ಎರಡೂ ಕಡೀ ಬಾಗಿಲಾ ಅವರ ಕೈಯಾಗ ಅಂದ್ಹಂಗಾತು," ಎಂದು ಹುಲಿಗೆವ್ವ ಎದ್ದು ಸೀರೆ ಕೊಡವಿದಳು. "ಬುಧವಾರ ಬರ್ತೀನ್ರಿ."

ಬುಧವಾರ ಅವಳಿಗೆ ಕೊಟ್ಟ ವೇಳೆ ಹನ್ನೊಂದು ನಲವತ್ತು. ಜೈತುನ್‌ಬಿ ಕೂಲಿ ಬಿಟ್ಟು ಜೊತೆಗೆ ಬಂದಿದ್ದಳು. ಹುಲಿಗೆವ್ವನನ್ನು ದಪ್ಪ ಗೋಡೆಯ ಕೋಣೆಯೊಳಗೆ ಹಲಗೆಯ ಮೇಲೆ ಮಲಗಿಸಿ, ಕೈ ಮೇಲೆತ್ತಿಸಿ, ಎಲ್ಲರೂ ಹೊರಬಂದು ಬಾಗಿಲು ಮುಚ್ಚಿದರು. ಗಾಜಿನ ಈಚೆಯ ಕಂಟ್ರೋಲ್ ಕೋಣೆಯಲ್ಲಿ ಯಂತ್ರ ನಡೆಸುವ ಆಪರೇಟರ್ ಇದ್ದ. ವಿನೋದಾ ಅವನ ಹಿಂದೆ ನಿಂತಿದ್ದಳು. ಅವಳಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ನಿಂತಿದ್ದಳು.

ದಿನಕ್ಕೆ ಎಪ್ಪತ್ತು ಸಲ ಕೇಳಿಸುವ ರೆಕಾರ್ಡ್ ಮಾಡಿದ ದನಿ ಒಳಗೆ ಮಾತಾಡಿತು. "ಸಹಜವಾಗಿ ಉಸಿರಾಡಿ. ಅಲುಗಾಡಬೇಡಿ. ಮೇಲಿರುವ ಕ್ಯಾಮೆರಾ ನಿಮ್ಮ ಎದೆಯನ್ನು ಗಮನಿಸುತ್ತಿದೆ. ಎದೆ ತನ್ನ ಜಾಗ ಬಿಟ್ಟು ಅಲುಗಿದರೆ ಕಿರಣ ತಾನಾಗಿ ನಿಲ್ಲುತ್ತದೆ."

ಕಿರಣ ಶುರುವಾಗುವ ಗುಂಯ್‌ ಎಂಬ ಸದ್ದು ಬಂತು. ಹುಲಿಗೆವ್ವ ಎದೆ ತುಂಬ ಉಸಿರೆಳೆದು ಹಿಡಿದಳು.

ಸದ್ದು ನಿಂತಿತು. ಪರದೆ ಹಳದಿಯಾಯಿತು: ಎದೆ ಹದಿನೇಳು ಮಿಲಿಮೀಟರ್ ಮೇಲೆ.

"ಅಮ್ಮಾ, ಸಹಜವಾಗಿ ಉಸಿರಾಡ್ರಿ," ಎಂದ ಆಪರೇಟರ್ ಮೈಕಿನಲ್ಲಿ. ನಲವತ್ತು ಸೆಕೆಂಡಿನ ಮೇಲೆ ಅವಳು ಬಿಟ್ಟಳು. ಎದೆ ಇಳಿಯಿತು, ಸದ್ದು ಬಂತು, ಅವಳು ಮತ್ತೆ ಎಳೆದಳು. ಸದ್ದು ನಿಂತಿತು.

ಐದನೇ ಸಲಕ್ಕೆ ಆಪರೇಟರ್ ಪಟ್ಟಣಶೆಟ್ಟಿಯವರಿಗೆ ಫೋನು ಮಾಡಿದ. ಅವರು ಓಡುತ್ತ ಬಂದು ಪರದೆ ನೋಡಿದರು. ಗಾಜಿನ ಆಚೆ ನೋಡಿದರು. ವಿನೋದಾಳ ಕಡೆಗೆ ತಿರುಗಿದರು.

"ನೀವು ಹೇಳಿಕೊಟ್ರೇನು?"

"ಇಲ್ಲ ಸರ್," ಎಂದಳು ವಿನೋದಾ. "ನಾ ಹಿಡಿಯೂದು ಅಷ್ಟ ಹೇಳಿಕೊಟ್ಟೆ. ಇದು ಆಕೀದು."

"ಕ್ಯಾಮೆರಾ ಬಂದ್ ಮಾಡಿ ಹಚ್ಚಲೇನ್ರಿ ಸರ್?" ಎಂದ ಆಪರೇಟರ್.

"ತಲಿ ಕೆಟ್ಟೈತೇನ್ ನಿಂದು? ಕಣ್ಣ ಮುಚ್ಚಿ ಹಚ್ಚಿದ್ರ ಎಲ್ಲಿ ಬೀಳತೈತಿ ಅದು?"

ಹತ್ತು ನಿಮಿಷ ಮುಗಿದು ಹೋಗಿತ್ತು. ಹೊರಗೆ ಸಾಲಿನಲ್ಲಿದ್ದವರ ಗದ್ದಲ ಕೇಳಿಸತೊಡಗಿತು. "ಯಾರೋ ಒಬ್ಬಾಕಿ ಹಠ ಮಾಡಾಕತ್ತಾಳಂತ. ಆಕಿ ಸಲುವಾಗಿ ನಾವೆಲ್ಲಾ ಸಾಯಬೇಕೇನು?" ಎಂದು ಒಬ್ಬ ಗಂಡಸು ಕೂಗಿದ.

"ಸಾಯಬ್ಯಾಡೋ ಅಣ್ಣಾ," ಎಂದಳು ಜೈತುನ್‌ಬಿ. "ನಿನ್ನ ಹೃದಯಕ್ಕ ಎಷ್ಟ ಅಂಕ ಬಂದೈತಿ, ಒಳಗ ಹೋಗಿ ಕೇಳು ಮೊದಲ. ಆಮ್ಯಾಲೆ ಬಂದು ನನ್ನ ಮ್ಯಾಲೆ ಒದರು."

ಕೂಗಿದವನ ಪಕ್ಕದಲ್ಲಿದ್ದ ಹೆಂಗಸು, ತಲೆಗೆ ರುಮಾಲು ಕಟ್ಟಿದ್ದವಳು, ಮೆಲ್ಲಗೆ ಕೇಳಿದಳು: "ಅಂಕ ಅಂದ್ರೇನ್ ಅಕ್ಕಾ?" ಜೈತುನ್‌ಬಿ ಅವಳ ಪಕ್ಕ ಕೂತು ಹೇಳತೊಡಗಿದಳು. ಗದ್ದಲ ಒಂದು ಕಡೆಯಿಂದ ಇಳಿಯುತ್ತ ಬಂತು. ಸಾಲು ಅವಳ ಸುತ್ತ ಗುಂಪಾಯಿತು. ಒಬ್ಬೊಬ್ಬರಾಗಿ ಕಂಟ್ರೋಲ್ ಕೋಣೆಯ ಬಾಗಿಲು ಬಡಿದು ತಮ್ಮ ತಮ್ಮ ಅಂಕ ಕೇಳತೊಡಗಿದರು.

ಪಟ್ಟಣಶೆಟ್ಟಿಯವರು ಆ ಬಡಿತಕ್ಕೆ ಬೆನ್ನು ಹಾಕಿ ಮೈಕು ಎಳೆದುಕೊಂಡರು. "ಹುಲಿಗೆವ್ವಾ, ನಾ ದೊಡ್ಡ ಡಾಕ್ಟರ್ ಮಾತಾಡಾಕತ್ತೀನಿ. ಹಿಂಗ ಮಾಡಿದ್ರ ನಿನ್ನ ಸರದಿ ರದ್ದಾಗತೈತಿ. ಮತ್ತ ಯಾವಾಗ ಸಿಗತೈತೋ ನನಗೂ ಗೊತ್ತಿಲ್ಲ. ಗಡ್ಡಿ ಕಾಯೂದಿಲ್ಲವ್ವಾ. ನಿನಗ ಕೈ ಮುಗೀತೀನಿ, ಉಸುರ ಬಿಡು."

ಅವರು ನಿಜವಾಗಿಯೂ ಬೇಡುತ್ತಿದ್ದರು. ಗಾಜಿನ ಆಚೆ ಹುಲಿಗೆವ್ವ ಹಿಡಿದಿದ್ದ ಉಸಿರನ್ನು ಬಿಟ್ಟಳು. ಆಪರೇಟರನ ಬೆರಳು ಗುಂಡಿಯ ಕಡೆ ಹೋಯಿತು. ಅಷ್ಟರಲ್ಲಿ ಸ್ಪೀಕರಿನಲ್ಲಿ ಅವಳ ದನಿ ಬಂತು.

"ಸಾಹೇಬ್ರ, ಕಿರಣ ನನಗ ಬೇಕು. ಹಚ್ರಿ. ನಾ ಉಸುರ ಹಿಡದಾಗ ಹಚ್ರಿ. ಬಿಟ್ಟಾಗ ಹಚ್ಚಾಕ ಬಂದ್ರ ಮತ್ತ ಹಿಡೀತೀನಿ. ನಾಳಿ ಕರೀರಿ, ನಾಳಿನೂ ಹಿಡೀತೀನಿ."

ಅಷ್ಟು ಹೇಳಿ ಮತ್ತೆ ಎಳೆದುಕೊಂಡಳು. ಪರದೆಯ ಗೆರೆ ಮೇಲೇರಿ ನಿಂತಿತು.

"ಬಿಡವ್ವಾ," ಎಂದರು ಡಾಕ್ಟರು.

ಅವಳು ಬಿಡಲಿಲ್ಲ.